ಬ್ರದರ್‌ಗಳ ಮನೆಯಲ್ಲಿ ದಿನ ಹೇಗೆ ಸಾಗುತ್ತದೆ?

ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಡಿಗ್ರಿ ಓದಿದವರಿಗೆ ಕ್ಲಾಸಿನಲ್ಲಿ ಒಬ್ಬಿಬ್ಬರಾದರೂ ‘ಬ್ರದರ್’ಗಳು, ಅಂದರೆ ಕ್ಯಾಥೊಲಿಕ್ ಫಾದರ್ ಆಗಲೋ ಸನ್ಯಾಸಿ ಸಂಘ ಸೇರಲೋ ತಯಾರಾಗುತ್ತಿರುವ ಹುಡುಗರು, ಸಿಕ್ಕಿರಬಹುದು. ಬಟ್ಟೆಬರೆ ಎಲ್ಲರ ಹಾಗೇ. ಕ್ರಿಕೆಟ್ ಮಾತು ಬಂದರೆ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಾರೆ. ಆದರೆ ಕೊನೆಯ ಪೀರಿಯಡ್ ಮುಗಿದದ್ದೇ ತಡ, ಕ್ಯಾಂಟೀನ್ ಕಡೆ ತಿರುಗಿಯೂ ನೋಡದೆ ಹೊರಟುಬಿಡುತ್ತಾರೆ. ಮುಳ್ಳಯ್ಯನಗಿರಿಗೆ ಹೋಗೋಣ ಬನ್ನಿ ಎಂದರೆ ‘ಕೇಳಿ ಹೇಳ್ತೀನಿ’ ಅನ್ನುತ್ತಾರೆ. ಮೊಬೈಲ್ ನಂಬರ್ ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.

ನಾನು ಕ್ಯಾಥೊಲಿಕ್ ಮನೆಯವನು. ಹಾಗಾಗಿ ಗೆಳೆಯರು ನನ್ನನ್ನೇ ಹಿಡಿದು ಕೇಳುತ್ತಾರೆ. ಇವರು ಇರೋದು ಎಲ್ಲಿ? ಓದೋದು ಏನು? ಒಂದು ಸಲ ಒಳಗೆ ಹೋದರೆ ಮುಗೀತಾ, ಹೊರಗೆ ಬರೋ ಹಾಗಿಲ್ವಾ? ಈ ಕೊನೆಯ ಪ್ರಶ್ನೆಯೇ ನಿಜಕ್ಕೂ ಮುಖ್ಯ. ಒಬ್ಬ ಹುಡುಗ ಈ ಜೀವನಕ್ಕೆ ಹೊಂದುತ್ತಾನಾ, ಈ ಜೀವನ ಅವನಿಗೆ ಹೊಂದುತ್ತಾ ಅಂತ ಎರಡೂ ಕಡೆಯವರು ವರ್ಷಗಟ್ಟಲೆ ನೋಡುತ್ತಾರೆ. ಗಂಟೆ, ಮೌನ, ಫೋನ್ ಇಲ್ಲದಿರುವುದು, ಕಕ್ಕಸು ತೊಳೆಯುವ ಪಾಳಿ, ಎಲ್ಲ ಇರುವುದು ಅದಕ್ಕಾಗಿ. ಇದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಯಾರು ಯಾರು?

ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಸೇರಿ ಒಂದೇ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ. 1963ರಲ್ಲಿ ಇದು ಮೈಸೂರಿನಿಂದ ಬೇರೆಯಾಯಿತು. ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್. ಅವರು ಮುಂದೆ 1986ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ ಆದರು. ಈ ಧರ್ಮಕ್ಷೇತ್ರಕ್ಕೆಂದೇ ಫಾದರ್ ಆಗಲು ಓದುವವರು ಒಂದು ಬಗೆ. ಅವರು ಬಿಷಪ್ ಹೇಳಿದ ಕಡೆ, ಮೂಡಿಗೆರೆಯೋ ಸಕಲೇಶಪುರವೋ ಅರಸೀಕೆರೆಯೋ, ಹೋಗಿ ಚರ್ಚ್ ನೋಡಿಕೊಳ್ಳುತ್ತಾರೆ. ಬಿಷಪ್ಪರ ಮಾತು ಕೇಳುತ್ತೇನೆ, ಮದುವೆಯಾಗುವುದಿಲ್ಲ ಅಂತ ಮಾತು ಕೊಡುತ್ತಾರೆ. ಬಡತನದ ವ್ರತ ಇವರಿಗಿಲ್ಲ. ಸ್ವಂತ ಹೆಸರಿನಲ್ಲಿ ಬ್ಯಾಂಕ್ ಖಾತೆ, ಅಪ್ಪನಿಂದ ಬಂದ ಜಮೀನು ಇರಬಹುದು.

ಇನ್ನೊಂದು ಬಗೆ ಸಂಘಗಳಿಗೆ ಸೇರುವವರು. ಜೆಸ್ವಿಟರು, ಕಪುಚಿನ್ನರು, ಸಲೇಶಿಯನ್ನರು ಹೀಗೆ ನೂರಾರು ಸಂಘಗಳಿವೆ. ಇವರಿಗೆ ಜಿಲ್ಲೆಯ ಗಡಿ ಇಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಟ್ಟು, ಒಂದೇ ಮನೆಯಲ್ಲಿ ಒಟ್ಟಾಗಿ ಬದುಕುವವರು. ಇವರಲ್ಲಿ ಕೆಲವರು ಮುಂದೆ ಫಾದರ್ ಆಗುತ್ತಾರೆ. ಕೆಲವರು ಕೊನೆಯತನಕ ಬ್ರದರ್ ಆಗಿಯೇ ಇದ್ದು ಶಾಲೆ, ತೋಟ, ಆಸ್ಪತ್ರೆ ನೋಡಿಕೊಳ್ಳುತ್ತಾರೆ. ‘ಇನ್ನೂ ಫಾದರ್ ಆಗಿಲ್ವಾ?’ ಅಂತ ಅಂಥವರನ್ನು ಕೇಳಬೇಡಿ, ಅವರು ಆರಿಸಿಕೊಂಡ ದಾರಿಯೇ ಅದು. ಸಿಸ್ಟರ್‌ಗಳ ಸಂಘಗಳಲ್ಲೂ, ಫಾದರ್ ಆಗುವ ಗುರುದೀಕ್ಷೆ ಒಂದನ್ನು ಬಿಟ್ಟರೆ, ಹೆಚ್ಚುಕಡಿಮೆ ಇದೇ ಹಾದಿ. ನಾನಿಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಈ ಸಂಘಗಳ ವಿದ್ಯಾರ್ಥಿ ಮನೆಗಳ ಬಗ್ಗೆ.

ಹಿಂದೆ ಏಳನೇ ಕ್ಲಾಸೋ ಹತ್ತನೇ ಕ್ಲಾಸೋ ಮುಗಿಸಿ ಪುಟ್ಟ ಟ್ರಂಕ್ ಹಿಡಿದು ಬರುತ್ತಿದ್ದರು. ಈಗ ಸಾಮಾನ್ಯವಾಗಿ ಪಿಯುಸಿ ಆದ ಮೇಲೆ, ಕೆಲವರು ಡಿಗ್ರಿ ಮುಗಿಸಿ, ಇನ್ನು ಕೆಲವರು ಒಂದೆರಡು ವರ್ಷ ಕೆಲಸ ಮಾಡಿ ಬರುತ್ತಾರೆ.

ಐದು ಗಂಟೆ

ಬೆಳಗಿನ ಗಂಟೆ ಹೊಡೆಯುವುದು ಐದಕ್ಕೆ. ಕೆಲವು ಮನೆಗಳಲ್ಲಿ ಐದೂವರೆ. ಡಿಸೆಂಬರ್ ತಿಂಗಳ ಚಿಕ್ಕಮಗಳೂರಿನಲ್ಲಿ ಐದು ಗಂಟೆ ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಗಂಟೆ ಹೊಡೆಯುವವನೂ ಒಬ್ಬ ವಿದ್ಯಾರ್ಥಿಯೇ. ನೋಟಿಸ್ ಬೋರ್ಡಿನಲ್ಲಿ ಕೆಲಸದ ಪಟ್ಟಿ ಇರುತ್ತದೆ. ಗಂಟೆ ಒಬ್ಬನಿಗೆ, ಹಾಡು ಒಬ್ಬನಿಗೆ, ಪೂಜೆಯ ಬಟ್ಟೆ-ಪಾತ್ರೆ ಒಬ್ಬನಿಗೆ, ಹುಷಾರಿಲ್ಲದವರಿಗೆ ಗಂಜಿ-ಮಾತ್ರೆ ಕೊಡುವುದು ಒಬ್ಬನಿಗೆ. ಇವರೆಲ್ಲರ ಮೇಲೆ ಒಬ್ಬ ಲೀಡರ್. ಅವನಿಗೆ ಎಷ್ಟೋ ಮನೆಗಳಲ್ಲಿ ‘ಬೀಡಲ್’ ಅನ್ನುತ್ತಾರೆ. ಫಾದರ್‌ಗೂ ಹುಡುಗರಿಗೂ ನಡುವೆ ಸಿಕ್ಕಿಕೊಂಡವನು, ಪಾಪ. ಗಂಟೆಯವನು ಮಲಗಿಬಿಟ್ಟರೆ ಇಡೀ ಮನೆ ಮಲಗಿಬಿಡುತ್ತದೆ. ಆ ದಿನ ಎಲ್ಲರಿಗೂ ಒಳಗೊಳಗೇ ಖುಷಿ, ಅವನಿಗೊಬ್ಬನಿಗೆ ಮುಖ ತೋರಿಸಲು ನಾಚಿಕೆ.

ಮುಖ ತೊಳೆದು ಚಾಪೆಲ್‌ಗೆ. ಅಲ್ಲಿ ನಡೆಯುವ ಬೆಳಗಿನ ಪ್ರಾರ್ಥನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಷ್ಟೋ ಕಡೆ ಹುಡುಗರು ಎರಡು ಗುಂಪಾಗಿ ಕೂರುತ್ತಾರೆ. ಬೈಬಲ್ಲಿನ ಕೀರ್ತನೆಯ ಒಂದು ಚರಣ ಈ ಕಡೆಯವರು ಹೇಳಿದರೆ ಮುಂದಿನದು ಆ ಕಡೆಯವರು. ಸಾಲಿನ ನಡುವೆ ಒಂದು ಉಸಿರಿನಷ್ಟು ನಿಲ್ಲಬೇಕು. ಇದೇನು ಮಹಾ, ಅನ್ನಿಸಬಹುದು. ಆದರೆ ಹೊಸಬರು ಮೊದಲ ತಿಂಗಳು ಇಲ್ಲೇ ಎಡವುತ್ತಾರೆ. ಒಬ್ಬ ಓಡುತ್ತಾನೆ, ಇನ್ನೊಬ್ಬ ಎಳೆಯುತ್ತಾನೆ, ಮತ್ತೊಬ್ಬನ ದನಿ ಎಲ್ಲರಿಗಿಂತ ಮೇಲೆ. ಪಕ್ಕದವನ ದನಿ ಕೇಳಿಸುವಷ್ಟು ನಿಮ್ಮ ದನಿ ತಗ್ಗಬೇಕು, ಅಷ್ಟೇ ಪಾಠ. ಅದು ಕೂಡಿಬರಲು ತಿಂಗಳುಗಳೇ ಬೇಕು. ನನ್ನನ್ನು ಕೇಳಿದರೆ, ಒಟ್ಟಿಗೆ ಬದುಕುವುದು ಹೇಗೆ ಅಂತ ಕಲಿಸುವ ಯಾವ ಭಾಷಣಕ್ಕಿಂತ ಈ ಕಾಲು ಗಂಟೆ ಜಾಸ್ತಿ ಕೆಲಸ ಮಾಡುತ್ತದೆ.

ಕೀರ್ತನೆಗಳು ಒಟ್ಟು 150. ಶತ್ರುಗಳಿಗೆ ಶಾಪ ಹಾಕುವಂಥ ಮೂರನ್ನು ಬಿಟ್ಟು ಉಳಿದವೆಲ್ಲ ನಾಲ್ಕು ವಾರಗಳ ಸುತ್ತಿನಲ್ಲಿ ಹಂಚಿಹೋಗಿವೆ. ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ, ಹೀಗೆ. ಇದೇ ಸುತ್ತು ರೋಮ್‌ನಲ್ಲೂ ನಡೆಯುತ್ತದೆ, ಹಾಸನದಲ್ಲೂ ನಡೆಯುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ, ಅಂದರೆ 1960ರ ದಶಕದವರೆಗೆ, ಇದೆಲ್ಲ ಲ್ಯಾಟಿನ್‌ನಲ್ಲಿ ಇರುತ್ತಿತ್ತು. ಈಗ ಇಂಗ್ಲಿಷ್, ಕನ್ನಡ ಎರಡೂ ಓಡುತ್ತವೆ.

ಆಮೇಲೆ ಅರ್ಧ ಗಂಟೆ ಧ್ಯಾನ. ಆ ದಿನದ ಶುಭಸಂದೇಶದ ನಾಲ್ಕು ಸಾಲು ಇಟ್ಟುಕೊಂಡು ಸುಮ್ನೆ ಕೂರುವುದು. ಹದಿನೆಂಟರ ಹುಡುಗ, ಬೆಳಗಿನ ಜಾವ, ಶಾಲು ಹೊದ್ದು, ಕಣ್ಣು ಮುಚ್ಚಿ... ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಹಳೆಯ ಫಾದರ್‌ಗಳು ಗೊರಕೆ ಬಾರದಿದ್ದರೆ ಸಾಕು ಅಂತ ಬಿಟ್ಟುಬಿಡುತ್ತಾರೆ. ಅದಾದ ಮೇಲೆ ಬಲಿಪೂಜೆ, ಅಂದರೆ ಮಾಸ್. ಇಡೀ ದಿನದಲ್ಲಿ ಇದೇ ಮುಖ್ಯ. ಉಳಿದ ಯಾವ ಕಾರ್ಯಕ್ರಮ ಹೆಚ್ಚುಕಡಿಮೆಯಾದರೂ ಇದನ್ನು ಬಿಡುವುದಿಲ್ಲ.

ತಿಂಡಿ ಉಪ್ಪಿಟ್ಟೋ ಅಕ್ಕಿರೊಟ್ಟಿಯೋ. ಅದಾದ ಕೂಡಲೇ ಪೊರಕೆ, ಬಕೆಟ್. ಕಾರಿಡಾರ್ ಗುಡಿಸುವುದು, ಕಕ್ಕಸು ತೊಳೆಯುವುದು, ಪಾತ್ರೆ ಉಜ್ಜುವುದು ಎಲ್ಲವೂ ಪಾಳಿಯ ಮೇಲೆ. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಹುಡುಗನಿಗೆ ಇದು ದೊಡ್ಡ ಪಾಠ. ಕೆಲಸ ಮಾಡುವವರಿಗೇ ಜಾತಿ ಅಂಟಿಸುವ ನಮ್ಮ ಊರುಗಳಿಂದ ಬಂದವರಿಗಂತೂ ಇನ್ನೂ ದೊಡ್ಡದು. ಒಂಬತ್ತಕ್ಕೆ ಕ್ಲಾಸ್. ಡಿಗ್ರಿ ಓದುವವರು ಊರಿನ ಕಾಲೇಜಿಗೆ ಹೋಗುತ್ತಾರೆ. ಉಳಿದವರಿಗೆ ಮನೆಯಲ್ಲೇ ಇಂಗ್ಲಿಷ್, ಬೈಬಲ್, ಸಂಗೀತ ಪಾಠ.

ಮಧ್ಯಾಹ್ನ ಊಟಕ್ಕೆ ಮುಂಚೆ ಹಲವು ಮನೆಗಳಲ್ಲಿ ಐದು-ಹತ್ತು ನಿಮಿಷದ ಆತ್ಮಶೋಧನೆ ಇರುತ್ತದೆ. ಬೆಳಗಿನಿಂದ ಏನಾಯಿತು, ಎಲ್ಲಿ ಸಿಟ್ಟು ಬಂತು, ಯಾವುದಕ್ಕೆ ಥ್ಯಾಂಕ್ಸ್ ಹೇಳಬೇಕು ಅಂತ ಒಂದು ಸಲ ಹಿಂದಿರುಗಿ ನೋಡುವುದು. ರಾತ್ರಿ ಮತ್ತೊಮ್ಮೆ. 1540ರಲ್ಲಿ ಜೆಸ್ವಿಟ್ ಸಂಘ ಶುರುವಾದಾಗ ಅದರ ಮೊದಲಿಗರಾದ ಸಂತ ಇಗ್ನೇಷಿಯಸ್ ಇದಕ್ಕೆ ತುಂಬಾ ಒತ್ತು ಕೊಟ್ಟಿದ್ದರು. ಈಗ ಬೇರೆ ಸಂಘಗಳಲ್ಲೂ ಇದು ರೂಢಿ.

ತೋಟ, ಊಟ, ದುಡ್ಡು

ಮೂರು ಗಂಟೆಗೆ ಕೈಕೆಲಸ. ಸೋಮಾರಿತನ ಆತ್ಮಕ್ಕೆ ಶತ್ರು ಅಂತ ಆರನೇ ಶತಮಾನದಲ್ಲೇ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಬರೆದಿಟ್ಟರು. ಅಂದಿನಿಂದ ಇಂದಿನವರೆಗೆ ಯಾವ ಮನೆಯಲ್ಲೂ ಗುದ್ದಲಿ ತಪ್ಪಿಲ್ಲ. ನಮ್ಮ ಕಡೆ ಅದಕ್ಕೆ ಮಲೆನಾಡಿನ ಬಣ್ಣ ಬರುತ್ತದೆ. ಮನೆಗೆ ನಾಲ್ಕು ಸಾಲು ಕಾಫಿ ಇದ್ದರೆ ನವೆಂಬರ್ ಕಳೆಯುತ್ತಿದ್ದಂತೆ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದಂತೆ ರೋಬಸ್ಟಾ. ಎಸ್ಟೇಟ್ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಬೆಳೆದ ಹುಡುಗ ಹಣ್ಣನ್ನಷ್ಟೇ ಬಿಡಿಸಿ ಕಾಯಿ ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದರೆ, ಪೇಟೆಯ ಹುಡುಗ ಎಲೆ, ಕಾಯಿ, ರೆಂಬೆ ಎಲ್ಲ ಸೇರಿಸಿ ಕಿತ್ತಿರುತ್ತಾನೆ. ಕ್ಲಾಸಿನಲ್ಲಿ ಇಂಗ್ಲಿಷ್ ಬಾರದೆ ಮುದುಡಿ ಕೂತವನು ಇಲ್ಲಿ ಮೇಷ್ಟ್ರು. ಇಂಥ ಅದಲುಬದಲು ಆಗಲಿ ಅಂತಲೇ ಕೈಕೆಲಸ ಇಟ್ಟಿದ್ದಾರೇನೋ ಅನ್ನಿಸುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಆಗ ಹಂದಿಗೂಡು, ಕೋಳಿಗೂಡು, ಸೌದೆ ಕೊಟ್ಟಿಗೆ, ಬಿಟ್ಟರೆ ಒಣಗದ ಬಟ್ಟೆ. ಸಾಕ್ಸ್ ಒಣಗಿಸಲು ಅಡುಗೆಮನೆಯ ಒಲೆಯ ಹತ್ತಿರ ಜಾಗಕ್ಕೆ ಪೈಪೋಟಿ. ನಾಲ್ಕೂವರೆಗೆ ಆಟ. ವಾಲಿಬಾಲ್, ಫುಟ್‌ಬಾಲ್. ಆಡಲು ಬರುವುದಿಲ್ಲ ಅಂತ ರೂಮಿನಲ್ಲಿ ಕೂರುವ ಹಾಗಿಲ್ಲ. ಆಟದಲ್ಲಿ ಮನುಷ್ಯನ ನಿಜ ಬಣ್ಣ ಬೇಗ ಹೊರಬೀಳುತ್ತದೆ. ನೋಡುವವರು ಅಲ್ಲೂ ನೋಡುತ್ತಿರುತ್ತಾರೆ.

ಮನೆಯೊಳಗಿನ ಭಾಷೆ ಒಂದು ಸಂತೆ. ಮಂಗಳೂರು ಕಡೆಯಿಂದ ತೋಟಕ್ಕೆ ಬಂದು ನೆಲೆಸಿದ ಕುಟುಂಬದವರಿಗೆ ಕೊಂಕಣಿ. ಹಾಸನದ ಹಳ್ಳಿಗಳವರಿಗೆ ಕನ್ನಡ. ಕೆಲವರ ಮನೆಯಲ್ಲಿ ತಮಿಳು. ಈಗೀಗ ಒಡಿಶಾ, ಜಾರ್ಖಂಡ್‌ನಿಂದಲೂ ಹುಡುಗರು ಬರುತ್ತಾರೆ. ಒಂದೇ ಭಾಷೆಯವರು ಮೂಲೆ ಹಿಡಿದು ಮಾತಾಡುವುದನ್ನು ಯಾವ ಮನೆಯೂ ಇಷ್ಟಪಡುವುದಿಲ್ಲ. ಎಲ್ಲರಿಗೂ ಅರ್ಥವಾಗಲಿ ಅಂತ ಇಂಗ್ಲಿಷ್ ಕಡ್ಡಾಯ ಮಾಡುತ್ತಾರೆ. ಇದರಿಂದ ಒಂದು ನಷ್ಟವೂ ಇದೆ. ಕನ್ನಡದ ಚರ್ಚಿಗೆ ಹೋಗಿ ಕನ್ನಡದಲ್ಲೇ ಪ್ರಬೋಧನೆ ಕೊಡಬೇಕಾದವನು ಹತ್ತು ವರ್ಷ ಇಂಗ್ಲಿಷಿನಲ್ಲೇ ಯೋಚಿಸಿರುತ್ತಾನೆ. ಕೆಲವರ ಪ್ರಬೋಧನೆ ಕೇಳುವಾಗ ಅದು ಗೊತ್ತಾಗುತ್ತದೆ. ಈ ವಿಷಯದಲ್ಲಿ ನನ್ನ ತಕರಾರು ಹಳೆಯದು.

ಊಟದ ಹೊತ್ತಿನಲ್ಲಿ ಕೆಲವು ದಿನ ಮಾತಿಲ್ಲ. ಒಬ್ಬ ಎದ್ದು ನಿಂತು ಯಾವುದೋ ಸಂತರ ಕಥೆಯೋ ಪತ್ರಿಕೆಯೋ ಓದುತ್ತಾನೆ, ಉಳಿದವರು ಮುದ್ದೆ ಮುರಿಯುತ್ತಾ ಕೇಳುತ್ತಾರೆ. ಹಬ್ಬದ ದಿನ ಇದಕ್ಕೆ ರಜ. ಅಂದು ಹಂದಿಸಾರು, ಗಲಾಟೆ, ಹಾಡು.

ಇನ್ನು ದುಡ್ಡು. ವ್ರತ ಇನ್ನೂ ಆಗಿರದಿದ್ದರೂ ಅಭ್ಯಾಸ ಮೊದಲೇ ಶುರು. ಪೇಸ್ಟ್ ಮುಗಿದರೆ, ಚಪ್ಪಲಿ ಕಿತ್ತರೆ, ಮನೆಯ ಖರ್ಚು ನೋಡಿಕೊಳ್ಳುವ ಫಾದರ್ ಹತ್ತಿರ ಹೋಗಿ ಕೇಳಬೇಕು. ಕಾಲೇಜಿಗೆ ಹೋಗುವವನು ಬಸ್ ಚಾರ್ಜ್, ಜೆರಾಕ್ಸ್ ಖರ್ಚನ್ನು ಪುಟ್ಟ ಪುಸ್ತಕದಲ್ಲಿ ಬರೆದು ತಿಂಗಳ ಕೊನೆಗೆ ಒಪ್ಪಿಸಬೇಕು. ಮನೆಯಿಂದ ಅಮ್ಮ ಕಳಿಸಿದ ಚಕ್ಕುಲಿ ಡಬ್ಬಿ ಕೂಡ ಮೇಜಿನ ಮೇಲೆ ಎಲ್ಲರಿಗೂ. ಮುಂದೆ ವ್ರತ ತೊಟ್ಟ ಮೇಲೆ ನಿಯಮ ಇನ್ನೂ ಗಟ್ಟಿ. ಆಮೇಲೆ ಅವನು ದುಡಿದದ್ದೆಲ್ಲ ಸಂಘದ್ದು. ಲೆಕ್ಚರರ್ ಸಂಬಳವೇ ಬಂದರೂ ಅದು ಮನೆಯ ಖಾತೆಗೆ. ಪಿತ್ರಾರ್ಜಿತ ಇದ್ದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಮೊದಲ ವ್ರತಕ್ಕೆ ಮುಂಚೆ ಬರೆದುಕೊಡಬೇಕು. ಕೊನೆಯ ವ್ರತಕ್ಕೆ ಮುಂಚೆ ವಿಲ್ ಕೂಡ ಮಾಡಬೇಕು. ಮೊಬೈಲ್ ಮಾತು ಬೇರೆ. ಮನೆಯಿಂದ ಮನೆಗೆ ನಿಯಮ ಬದಲಾಗುತ್ತದೆ. ಎಷ್ಟೋ ಕಡೆ ಭಾನುವಾರ ಸ್ವಲ್ಪ ಹೊತ್ತು ಕೈಗೆ ಕೊಡುತ್ತಾರೆ, ಅಪ್ಪ-ಅಮ್ಮನ ಜೊತೆ ಮಾತಾಡಿ ವಾಪಸ್ ಕೊಡುವುದು.

ಸಂಜೆ ಸ್ನಾನ, ಜಪಸರ, ಸಂಜೆಯ ಪ್ರಾರ್ಥನೆ, ಓದು, ಊಟ, ಹರಟೆ, ರಾತ್ರಿ ಪ್ರಾರ್ಥನೆ. ಆಮೇಲೆ ಬೆಳಿಗ್ಗೆವರೆಗೂ ಮಾತಿಲ್ಲ.

ಭಾನುವಾರ ಮನೆ ಖಾಲಿ. ಒಬ್ಬೊಬ್ಬರು ಒಂದೊಂದು ಚರ್ಚಿಗೆ, ಎಸ್ಟೇಟ್ ಲೈನ್‌ಗಳಿಗೆ ಹೋಗುತ್ತಾರೆ. ಮಕ್ಕಳಿಗೆ ಧರ್ಮೋಪದೇಶ, ಗಾಯನ ತಂಡಕ್ಕೆ ತಾಲೀಮು, ಹುಷಾರಿಲ್ಲದ ಅಜ್ಜಿಯರ ಮನೆಗೆ ಭೇಟಿ. ಅಲ್ಲಿ ಒಂದು ಅಪಾಯ ಕಾದಿರುತ್ತದೆ. ಎಪ್ಪತ್ತರ ಅಜ್ಜಿ ಹತ್ತೊಂಬತ್ತರ ಹುಡುಗನಿಗೆ ‘ಬನ್ನಿ ಬ್ರದರ್, ನೀವು ಕೂತ್ಕೊಳ್ಳಿ’ ಅಂತ ಕುರ್ಚಿ ಒರೆಸಿ ಕೊಡುತ್ತಾರೆ. ಮನೆಯಲ್ಲಿ ಕಕ್ಕಸು ತೊಳೆದು ಕಲಿತ ವಿನಯ ಇಲ್ಲಿ ಎರಡು ಕಪ್ ಕಾಫಿಯಲ್ಲಿ ಕರಗಿಹೋಗಬಹುದು. ನಮ್ಮ ಜನ ಕೊಡುವ ಈ ಅತಿ ಮರ್ಯಾದೆಯಿಂದ ಕೆಟ್ಟ ಹುಡುಗರೂ ಇದ್ದಾರೆ ಅನ್ನುವುದು ನನ್ನ ಅನಿಸಿಕೆ.

ನೊವಿಷಿಯೇಟ್ ವರ್ಷ

ಒಂದೆರಡು ವರ್ಷ ಹೀಗೆ ಕಳೆದ ಮೇಲೆ, ಡಿಗ್ರಿ ಓದುತ್ತಿದ್ದರೆ ಅದು ಮುಗಿದ ಮೇಲೆ, ನೊವಿಷಿಯೇಟ್ ಬರುತ್ತದೆ, ಅಂದರೆ ವ್ರತಕ್ಕೆ ಮುಂಚಿನ ಪರೀಕ್ಷೆಯ ಅವಧಿ. ಇಲ್ಲಿಯವರೆಗೆ ಇದ್ದದ್ದು ಪರಿಚಯ. ಇಲ್ಲಿಂದ ಚರ್ಚಿನ ಕಾನೂನು ಲೆಕ್ಕ ಇಡಲು ಶುರುಮಾಡುತ್ತದೆ. 1983ರ ಧರ್ಮಸಂಹಿತೆಯ ಪ್ರಕಾರ ಹದಿನೇಳು ತುಂಬಿರಬೇಕು. ಹೆದರಿಸಿಯೋ ಮೋಸದಿಂದಲೋ ಸೇರಿಸಿದ್ದರೆ ಆ ಸೇರ್ಪಡೆಯೇ ಅಸಿಂಧು. ತೀರಿಸಲಾಗದ ಸಾಲ ಇರುವವನನ್ನೂ ತೆಗೆದುಕೊಳ್ಳಬಾರದು. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಮಠ ಸೇರುವವರು ಎಲ್ಲ ಕಾಲದಲ್ಲೂ ಇದ್ದರು ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ನೊವಿಷಿಯೇಟ್ ಕನಿಷ್ಠ 12 ತಿಂಗಳು. ಜೆಸ್ವಿಟರಲ್ಲಿ ಎರಡು ವರ್ಷ. ಈ ಅವಧಿಯಲ್ಲಿ ಈ ಜೀವನಕ್ಕೆ ನೇರವಾಗಿ ಸಂಬಂಧಿಸದ ಓದು, ಹುದ್ದೆ ಯಾವುದೂ ಇರಬಾರದು ಅಂತ ಕಾನೂನೇ ಹೇಳುತ್ತದೆ. ಬಿಎ ಇಲ್ಲ, ಕಂಪ್ಯೂಟರ್ ಕೋರ್ಸ್ ಇಲ್ಲ. ಸಂಘದ ಇತಿಹಾಸ, ಅದರ ನಿಯಮ, ಪ್ರಾರ್ಥನೆ, ಕೈಕೆಲಸ ಅಷ್ಟೇ. ಹದಿನೈದು ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಅಷ್ಟು ದಿನ ಮತ್ತೆ ತುಂಬಿಕೊಡಬೇಕು. ಮೂರು ತಿಂಗಳು ಮೀರಿದರೆ ಇಡೀ ವರ್ಷ ಲೆಕ್ಕಕ್ಕಿಲ್ಲ. ಹೊರಗಿನ ಸದ್ದೆಲ್ಲ ನಿಂತ ಮೇಲೂ ಇವನಿಗೆ ಇಲ್ಲಿರಬೇಕು ಅನ್ನಿಸುತ್ತದಾ ಅಂತ ನೋಡುವ ವರ್ಷ ಇದು. ಎಷ್ಟೋ ಜನ ಇಲ್ಲೇ ‘ಇದು ನನಗಲ್ಲ’ ಅಂತ ಕಂಡುಕೊಂಡು ಊರಿಗೆ ಬಸ್ ಹತ್ತುತ್ತಾರೆ.

ಉಳಿದವರು ಹೆಚ್ಚಿನ ಸಂಘಗಳಲ್ಲಿ ತಾತ್ಕಾಲಿಕ ವ್ರತ ತೊಡುತ್ತಾರೆ. ಸಾಮಾನ್ಯವಾಗಿ ಒಂದೊಂದು ವರ್ಷಕ್ಕೆ ತೊಟ್ಟು ಮತ್ತೆ ಮತ್ತೆ ನವೀಕರಿಸುವುದು. ಒಟ್ಟು ಮೂರು ವರ್ಷಕ್ಕೆ ಕಡಿಮೆ ಇಲ್ಲ. ಎಳೆದರೂ ಒಂಬತ್ತು ವರ್ಷ ದಾಟಬಾರದು. ಆಮೇಲೆ ಕೊನೆತನಕದ ವ್ರತ. ಅದಕ್ಕೆ ಕನಿಷ್ಠ 21 ವರ್ಷ ಆಗಿರಬೇಕು. ಫಾದರ್ ಆಗುವವರಿಗೆ ಇದರ ಜೊತೆಗೇ ತತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಆರು ವರ್ಷದ ಓದು. ಅದಕ್ಕಾಗಿ ಜಿಲ್ಲೆ ಬಿಟ್ಟು ಹೋಗಬೇಕು, ಬೆಂಗಳೂರಿಗೋ ಮಂಗಳೂರಿಗೋ ಇನ್ನೂ ದೂರಕ್ಕೋ. ಮಂಗಳೂರಿನ ಜೆಪ್ಪು ಸೆಮಿನರಿ 1879ರಿಂದಲೂ ಇದೆ. ನಡುವೆ ಒಂದೆರಡು ವರ್ಷ ಶಾಲೆಯಲ್ಲೋ ಹಾಸ್ಟೆಲ್‌ನಲ್ಲೋ ಕೆಲಸ. ಎಲ್ಲ ಸೇರಿಸಿದರೆ ಹತ್ತು ವರ್ಷ ಸಲೀಸಾಗಿ ದಾಟುತ್ತದೆ. ಡಾಕ್ಟರ್ ಓದಿಗಿಂತ ಉದ್ದ ಅಂತ ಹುಡುಗರೇ ತಮಾಷೆ ಮಾಡುತ್ತಾರೆ.

ಯಾರು ತೀರ್ಮಾನಿಸುವುದು?

ಹೊರಗಿನವರಿಗೆ ಗೊತ್ತೇ ಇರದ, ನನಗೆ ತುಂಬಾ ಜಾಣತನದ್ದು ಅನ್ನಿಸುವ ಏರ್ಪಾಟು ಇಲ್ಲಿದೆ. ಮನೆಯಲ್ಲಿ ಹುಡುಗರಿಗೆ ಎರಡು ಬಗೆಯ ಫಾದರ್‌ಗಳು. ಒಬ್ಬರು ಮನೆಯ ಮುಖ್ಯಸ್ಥರು. ಅವರು ಹುಡುಗನ ನಡತೆ, ಓದು, ಆರೋಗ್ಯ, ಎಲ್ಲರ ಜೊತೆ ಹೊಂದಿಕೆ ನೋಡಿ ವರ್ಷಕ್ಕೊಮ್ಮೆ ವರದಿ ಬರೆಯುತ್ತಾರೆ. ಇನ್ನೊಬ್ಬರು ಆತ್ಮಿಕ ಮಾರ್ಗದರ್ಶಕರು. ಹುಡುಗ ಒಳಗಿನದನ್ನೆಲ್ಲ ಹೇಳಿಕೊಳ್ಳುವುದು ಇವರ ಹತ್ತಿರ. ಅನುಮಾನ, ಒಂಟಿತನ, ಊರಿನ ಹುಡುಗಿಯ ನೆನಪು, ದೇವರ ಮೇಲಿನ ಸಿಟ್ಟು, ಎಲ್ಲ. ಅಂದರೆ ಹುಡುಗನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಇವರೇ. ಆದರೆ ಇವನಿಗೆ ದೀಕ್ಷೆ ಕೊಡಬೇಕಾ, ಮನೆಗೆ ಕಳಿಸಬೇಕಾ ಅನ್ನುವ ಸಭೆಯಲ್ಲಿ ಇವರ ಅಭಿಪ್ರಾಯ ಕೇಳುವ ಹಾಗೇ ಇಲ್ಲ. ಪಾಪನಿವೇದನೆ (ಕನ್ಫೆಶನ್) ಕೇಳಿದ ಗುರುವನ್ನೂ ಕೇಳುವಂತಿಲ್ಲ. ಧರ್ಮಸಂಹಿತೆಯ 240ನೇ ನಿಯಮ ಇದನ್ನು ಖಂಡಿತವಾಗಿ ಹೇಳುತ್ತದೆ. ನೊವಿಷಿಯೇಟಿನ ಮುಖ್ಯಸ್ಥರಾಗಲಿ ಸೆಮಿನರಿಯ ರೆಕ್ಟರ್ ಆಗಲಿ, ಹುಡುಗ ತಾನಾಗಿ ಕೇಳಿಕೊಂಡರೆ ಹೊರತು, ಅವನ ಪಾಪನಿವೇದನೆ ಕೇಳಬಾರದು. ಮನಸ್ಸು ಬಿಚ್ಚು ಅಂತ ಮೇಲಿನವರು ಯಾವ ರೀತಿಯಲ್ಲೂ ಒತ್ತಾಯ ಮಾಡಬಾರದು ಅಂತಲೂ ಇದೆ.

ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೇಳಿಕೊಂಡದ್ದು ನಾಳೆ ವರದಿಯಲ್ಲಿ ಬರುತ್ತದೆ ಅಂತಾದರೆ ಯಾವ ಹುಡುಗ ಬಾಯಿ ಬಿಡುತ್ತಾನೆ? ಎಲ್ಲ ಮನೆಗಳಲ್ಲೂ ಈ ಗೋಡೆ ಇಷ್ಟೇ ಗಟ್ಟಿಯಾಗಿರುತ್ತದೆ ಅಂತ ನಾನು ಹೇಳಲಾರೆ. ಮನುಷ್ಯರು ನಡೆಸುವ ಮನೆಗಳು. ಆದರೆ ನಿಯಮ ಇದೆ ಅನ್ನುವುದು ಹುಡುಗರಿಗೂ ಅವರ ಅಪ್ಪ-ಅಮ್ಮನಿಗೂ ಗೊತ್ತಿರಬೇಕು.

ಹುಡುಗನ ಕಡೆಯ ತೀರ್ಮಾನಕ್ಕೂ ಅಷ್ಟೇ ಕಾವಲಿದೆ. ದೀಕ್ಷೆಗೆ ಮುಂಚೆ, ಯಾರ ಒತ್ತಾಯವೂ ಇಲ್ಲದೆ ನನ್ನ ಮನಸ್ಸಿನಿಂದ ಕೇಳುತ್ತಿದ್ದೇನೆ ಅಂತ ಅವನೇ ಕೈಯಾರೆ ಬರೆದು ಸಹಿ ಮಾಡಿ ಕೊಡಬೇಕು. ಟೈಪ್ ಮಾಡಿದ ಫಾರಂ ಸಾಲದು. ಊರಿನ ಚರ್ಚಿನಲ್ಲಿ, ಮದುವೆಗೆ ಪ್ರಕಟಣೆ ಓದುವ ಹಾಗೆ, ಇವನ ಹೆಸರನ್ನೂ ಓದುವುದುಂಟು. ಅಡ್ಡಿ ಏನಾದರೂ ಗೊತ್ತಿದ್ದರೆ ಹೇಳುವುದು ಜನರ ಜವಾಬ್ದಾರಿ.

ಬಿಟ್ಟು ಬಂದರೆ?

ತಾತ್ಕಾಲಿಕ ವ್ರತದ ಅವಧಿ ಮುಗಿದ ದಿನ ಯಾರ ಅಪ್ಪಣೆಯೂ ಇಲ್ಲದೆ ಹೊರಡಬಹುದು. ನೊವಿಷಿಯೇಟಿನಲ್ಲಂತೂ ಯಾವ ದಿನ ಬೇಕಾದರೂ ಹೊರಡಬಹುದು. ಸಂಘವೂ ‘ನಿನಗೆ ಇದು ಆಗಿಬರುವುದಿಲ್ಲ’ ಅಂತ ಕಳಿಸಬಹುದು. ಕಾನೂನಿನ ಕಣ್ಣಿಗೆ ಇದು ಅಪರಾಧವೂ ಅಲ್ಲ, ಸೋಲೂ ಅಲ್ಲ. ನೋಡಿ ತೀರ್ಮಾನಿಸಲಿ ಅಂತಲೇ ಅಷ್ಟು ವರ್ಷ ಇಟ್ಟಿರುವುದು.

ಊರಿನ ಕಣ್ಣು ಬೇರೆ. ‘ಫಾದರ್ ಆಗ್ತೀನಿ ಅಂತ ಹೋಗಿದ್ದ, ಓಡಿ ಬಂದ’ ಅನ್ನುತ್ತಾರೆ. ಅವನ ತಂಗಿಯ ಮದುವೆ ಮಾತುಕತೆಯಲ್ಲೂ ಇದು ಬರುತ್ತದೆ. ಚರ್ಚಿನ ಕಟ್ಟೆಯ ಮೇಲೆ ಕೂತು ಹೀಗೆ ಆಡಿಕೊಳ್ಳುವವರಿಗಾಗಿ ಹೆದರಿ, ಮನಸ್ಸಿಲ್ಲದಿದ್ದರೂ ಒಳಗೇ ಉಳಿದುಬಿಡುವ ಹುಡುಗರಿದ್ದಾರೆ. ಅದರಿಂದ ಅವನಿಗೂ ಕಷ್ಟ, ಮುಂದೆ ಅವನು ಹೋಗುವ ಚರ್ಚಿನ ಜನಕ್ಕೂ ಕಷ್ಟ. ಬಿಟ್ಟು ಬಂದವರಲ್ಲಿ ಒಳ್ಳೆಯ ಮೇಷ್ಟ್ರುಗಳಾದವರು, ಕೀಬೋರ್ಡ್ ಕಲಿತು ಗಾಯನ ತಂಡ ನಡೆಸುವವರು, ತೋಟ ಮಾಡಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಅವರ ಮನೆಯಲ್ಲಿ ಈಗಲೂ ಊಟದ ತಟ್ಟೆಯನ್ನು ಅವರೇ ತೊಳೆದಿಡುತ್ತಾರೆ.

ದುಡ್ಡಿನ ವಿಷಯಕ್ಕೆ ಬಂದರೆ, ಹೊರಡುವವನು ತಾನು ಅಲ್ಲಿ ಮಾಡಿದ ಕೆಲಸಕ್ಕೆ ಸಂಬಳ ಕೇಳುವ ಹಾಗಿಲ್ಲ. ಆದರೆ ಅವನನ್ನು ಬರಿಗೈಯಲ್ಲಿ ಬೀದಿಗೆ ಬಿಡದೆ ನ್ಯಾಯವಾಗಿ, ಪ್ರೀತಿಯಿಂದ ನಡೆದುಕೊಳ್ಳಬೇಕು ಅಂತ ಸಂಘಕ್ಕೂ ಅದೇ ಕಾನೂನು ಹೇಳುತ್ತದೆ. ಎಷ್ಟು ಕೊಡಬೇಕು ಅಂತ ಅಂಕಿ ಬರೆದಿಲ್ಲ, ಅದು ಆಯಾ ಸಂಘಕ್ಕೆ ಬಿಟ್ಟದ್ದು. ಹಾಗಾಗಿ ಮಗನನ್ನು ಕಳಿಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ನೊವಿಷಿಯೇಟಿಗೆ ಹೋಗುವ ಮುಂಚೆ ಡಿಗ್ರಿ ಮುಗಿಸಿಸುತ್ತೀರಾ? ಮುಗಿಸಿಸುತ್ತೇವೆ ಅನ್ನುವ ಮನೆಗಳು ಈಗ ಸಾಕಷ್ಟಿವೆ. ಯೂನಿವರ್ಸಿಟಿಯ ಮಾರ್ಕ್ಸ್‌ಕಾರ್ಡ್ ಕೈಯಲ್ಲಿದ್ದರೆ ಉಳಿಯುವುದೂ ಸುಲಭ, ಹೊರಡುವುದೂ ಸುಲಭ.